ಪ್ಲಾನ್ ಹೆಚ್ಚಿಸುವ ಮೊದಲು ಕೊನೆಯ ಇಪ್ಪತ್ತು ಅಡಿ ನೋಡಿ

ಟಿವಿಯಲ್ಲಿ 4ಕೆ ವಿಡಿಯೋ ನಿಂತು ನಿಂತು ಬರುತ್ತಿದೆ ಅಂದರೆ ಕಲಬುರಗಿಯಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸ ಒಂದೇ. ನೆಟ್‌ನವರಿಗೆ ಫೋನ್ ಮಾಡಿ ಇನ್ನೂ ದೊಡ್ಡ ಪ್ಲಾನ್ ಹಾಕಿಸುವುದು. 100 ಇದ್ದದ್ದು 200 ಆಗುತ್ತದೆ, 200 ಇದ್ದದ್ದು 300 ಆಗುತ್ತದೆ, ತಿಂಗಳ ಬಿಲ್ ಏರುತ್ತದೆ. ಟಿವಿ ಮೇಲೆ ಗೋಲ್ ಮಾತ್ರ ಹಾಗೇ ತಿರುಗುತ್ತಿರುತ್ತದೆ. ಮನೆಯವರಲ್ಲಿ, ಗೆಳೆಯರಲ್ಲಿ, ಓಣಿಯಲ್ಲಿ ಇದನ್ನು ಎಷ್ಟು ಸಲ ನೋಡಿದ್ದೇನೆ ಅಂದರೆ, ಒಮ್ಮೆ ಕೂತು ಪೂರ್ತಿ ಬರೆದುಬಿಡೋಣ ಅನ್ನಿಸಿತು. ಹಣ ಕಳೆದುಕೊಳ್ಳುವುದು ಒಂದು ಕಡೆ ಇರಲಿ, ತೊಂದರೆ ಎಲ್ಲಿದೆ ಅಂತಲೇ ಗೊತ್ತಾಗದೆ ಜನ ಬೇಸತ್ತು ಬಿಟ್ಟುಬಿಡುತ್ತಾರಲ್ಲ, ಅದು ನನಗೆ ಜಾಸ್ತಿ ಕೆಡುಕೆನಿಸುತ್ತದೆ.

ಮೊದಲು ಲೆಕ್ಕ ನೋಡಿ. 4ಕೆ ಅಂದರೆ 3840 ಅಡ್ಡ, 2160 ಉದ್ದ, ಒಟ್ಟು ಸುಮಾರು 83 ಲಕ್ಷ ಚುಕ್ಕೆಗಳು. ಫುಲ್ ಎಚ್‌ಡಿಯ ನಾಲ್ಕು ಪಟ್ಟು. ಕೇಳಲು ಭಾರೀ ಅನಿಸುತ್ತದೆ. ಆದರೆ ಅದನ್ನು ಒತ್ತಿ ಚಿಕ್ಕದು ಮಾಡಿ ಕಳಿಸುತ್ತಾರೆ. ನೆಟ್‌ಫ್ಲಿಕ್ಸ್ 4ಕೆಗೆ ಕೇಳುವುದು 15 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 15 ಮೆಗಾಬಿಟ್ ಡೇಟಾ. ಪ್ಲಾನಿನ 100, 200 ಕೂಡ ಇದೇ ಲೆಕ್ಕ. ಯೂಟ್ಯೂಬ್ ಕೇಳುವುದು 20. ಅಷ್ಟೇ. ನಿಮ್ಮ ಹತ್ತಿರ 100ರ ಪ್ಲಾನ್ ಇದ್ದರೆ, ಅದು ಟಿವಿಯವರೆಗೆ ನಿಜವಾಗಿಯೂ ತಲುಪುತ್ತಿದ್ದರೆ, ಮನೆಯಲ್ಲಿ ಮೂರು ಟಿವಿಯಲ್ಲಿ ಮೂರು ಬೇರೆ ಬೇರೆ 4ಕೆ ಸಿನಿಮಾ ಹಾಕಿದರೂ ಇನ್ನೂ ಉಳಿಯಬೇಕು. ತಲುಪುತ್ತಿದ್ದರೆ ಅನ್ನುವ ಮಾತೇ ಇಲ್ಲಿ ಮುಖ್ಯ. ನೆಟ್‌ನವರ ಕಡೆಯಿಂದ ನಿಮ್ಮ ಟಿವಿಯವರೆಗೆ ನಾಲ್ಕೈದು ಜೋಡಣೆಗಳಿರುತ್ತವೆ. ಕಂಬದಿಂದ ಬರುವ ಫೈಬರ್, ಗೋಡೆಯ ಮೇಲಿನ ಡಬ್ಬಿ, ರೌಟರ್, ಗಾಳಿ ಅಥವಾ ಕೇಬಲ್, ಕೊನೆಗೆ ಟಿವಿ. ಇವುಗಳಲ್ಲಿ ಯಾವುದು ಎಲ್ಲಕ್ಕಿಂತ ನಿಧಾನವೋ ನಿಮಗೆ ಸಿಗುವ ವೇಗ ಅದರದ್ದೇ. ನಮ್ಮ ಕಡೆಯ ಮನೆಗಳಲ್ಲಿ ಅದು ಬಹಳ ಸಲ ರೌಟರ್‌ನಿಂದ ಟಿವಿಯವರೆಗಿನ ಕೊನೆಯ ಇಪ್ಪತ್ತು ಅಡಿಯಲ್ಲೇ ಇರುತ್ತದೆ.

ಏನನ್ನಾದರೂ ಮುಟ್ಟುವ ಮೊದಲು, ಆಗುತ್ತಿರುವುದು ಏನು ಅಂತ ಸರಿಯಾಗಿ ನೋಡಿ. ಗೋಲ್ ತಿರುಗಿ ವಿಡಿಯೋ ನಿಲ್ಲುವುದು ಬೇರೆ. ಗೋಲ್ ಬರದೆ ಚಿತ್ರ ಜರ್ಕ್ ಹೊಡೆಯುವುದು, ಮಾತು ಮುಂದೆ ತುಟಿ ಹಿಂದೆ ಆಗುವುದು ಬೇರೆ. ಎರಡನೆಯದರಲ್ಲಿ ಡೇಟಾ ಬಂದಿದೆ, ಅದನ್ನು ಬಿಚ್ಚಿ ತೋರಿಸಲು ಟಿವಿ ಅಥವಾ ವಿಡಿಯೋ ಆ್ಯಪ್‌ಗಳಿಗಾಗಿ ಟಿವಿಗೆ ಚುಚ್ಚುವ ಸ್ಟಿಕ್ ಏದುಸಿರು ಬಿಡುತ್ತಿದೆ. ಅದಕ್ಕೆ ನೆಟ್ ಬದಲಿಸಿ ಉಪಯೋಗ ಇಲ್ಲ. ಇನ್ನು ಮೂರನೆಯದು, ವಿಡಿಯೋ ನಿಲ್ಲುವುದೇ ಇಲ್ಲ, ಆದರೆ ಚಿತ್ರ ಆಗಾಗ ಮಸುಕಾಗಿ ಮತ್ತೆ ಸ್ವಚ್ಛ ಆಗುತ್ತದೆ. ಅಂದರೆ ಡೇಟಾ ಸಾಲುತ್ತಿಲ್ಲ ಅಂತ ಆ್ಯಪ್‌ಗೆ ಗೊತ್ತಾಗಿ ತಾನಾಗಿಯೇ ಕಡಿಮೆ ಗುಣಮಟ್ಟಕ್ಕೆ ಇಳಿಯುತ್ತಿದೆ. ಈಗಿನ ಎಲ್ಲ ಆ್ಯಪ್‌ಗಳೂ ವಿಡಿಯೋವನ್ನು ಕೆಲವು ಸೆಕೆಂಡುಗಳ ಸಣ್ಣ ಸಣ್ಣ ತುಂಡು ಮಾಡಿ ಇಳಿಸಿಕೊಳ್ಳುತ್ತವೆ. ಪ್ರತಿ ತುಂಡೂ ಹಲವು ಗುಣಮಟ್ಟಗಳಲ್ಲಿ ಸಿದ್ಧ ಇರುತ್ತದೆ, ಮುಂದಿನ ತುಂಡು ಯಾವುದು ಬೇಕು ಅಂತ ಆ್ಯಪ್ ಆಗಾಗ ಲೆಕ್ಕ ಹಾಕುತ್ತದೆ.

ಯೂಟ್ಯೂಬ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಟಿವಿಯಲ್ಲಿ ಯಾವುದಾದರೂ 4ಕೆ ವಿಡಿಯೋ ಹಾಕಿ, ಸೆಟ್ಟಿಂಗ್ಸ್ ಚಕ್ರ ಒತ್ತಿ, ಅಲ್ಲಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ಅಂತ ಇರುತ್ತದೆ, ಅದನ್ನು ಆನ್ ಮಾಡಿ. ಮೂಲೆಯಲ್ಲಿ ಒಂದು ಕರಿ ಪಟ್ಟಿ ಬರುತ್ತದೆ. ಅದರಲ್ಲಿ ಬಫರ್ ಹೆಲ್ತ್ ಅನ್ನುವ ಸಾಲಿನ ಮೇಲೆ ಮಾತ್ರ ಕಣ್ಣಿಡಿ. ಅದು ಸೆಕೆಂಡುಗಳಲ್ಲಿ ಇರುತ್ತದೆ, ಮುಂದೆ ಎಷ್ಟು ಸೆಕೆಂಡ್ ತೋರಿಸುವಷ್ಟು ಡೇಟಾ ಈಗಾಗಲೇ ಒಳಗೆ ಬಂದಿದೆ ಅಂತ. ಎಲ್ಲ ಸರಿ ಇದ್ದರೆ ಆ ಅಂಕಿ ಮೇಲೇರಿ ಒಂದು ಕಡೆ ನಿಂತು ಸ್ವಲ್ಪ ಮೇಲೆ ಕೆಳಗೆ ಆಡುತ್ತಿರುತ್ತದೆ. ಕೆಟ್ಟಿದ್ದರೆ 40, 31, 18, 4 ಅಂತ ಇಳಿಯುತ್ತ ಇಳಿಯುತ್ತ ಸೊನ್ನೆಗೆ ಬರುತ್ತದೆ, ಮರುಕ್ಷಣ ಗೋಲ್. ಇದನ್ನು ಒಮ್ಮೆ ನೋಡಿದರೆ ಸಾಕು, ಬಫರಿಂಗ್ ಅಂದರೆ ಏನು ಅಂತ ಮತ್ತೆ ಯಾರೂ ಹೇಳಿಕೊಡಬೇಕಿಲ್ಲ. ಆಮೇಲೆ ರೌಟರ್ ಜಾಗ ಬದಲಿಸಿದಾಗ, ಕೇಬಲ್ ಬದಲಿಸಿದಾಗ, ಸುಧಾರಿಸಿತೋ ಇಲ್ಲವೋ ಅಂತ ಇದೇ ಅಂಕಿ ನೋಡಿ ಹೇಳಬಹುದು. ಅಂದಾಜಿನ ಮೇಲೆ ಮನೆಯವರ ಜೊತೆ ವಾದ ಮಾಡುವ ಕೆಲಸ ತಪ್ಪುತ್ತದೆ.

ಲೈವ್ ಮ್ಯಾಚ್ ವಿಷಯ ಸ್ವಲ್ಪ ಬೇರೆ. ಸಿನಿಮಾ ಸರಿಯಾಗಿ ಬರುತ್ತದೆ, ಕ್ರಿಕೆಟ್ ಮಾತ್ರ ನಿಲ್ಲುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಸಿನಿಮಾದಲ್ಲಿ ಮುಂದಿನ ಭಾಗ ಮೊದಲೇ ಇಳಿಸಿಟ್ಟುಕೊಳ್ಳಬಹುದು, ಇನ್ನೂ ಎಸೆಯದ ಚೆಂಡನ್ನು ಯಾರೂ ಇಳಿಸಿಟ್ಟುಕೊಳ್ಳಲು ಆಗುವುದಿಲ್ಲ ಅಲ್ವಾ? ಹಾಗಾಗಿ ಲೈವ್‌ನಲ್ಲಿ ಕೈಯಲ್ಲಿರುವ ದಾಸ್ತಾನು ಕೆಲವೇ ಸೆಕೆಂಡ್. ವೈಫೈ ಐದು ಸೆಕೆಂಡ್ ತಡವರಿಸಿದರೆ ಸಿನಿಮಾದಲ್ಲಿ ಗೊತ್ತೇ ಆಗುವುದಿಲ್ಲ, ಮ್ಯಾಚಿನಲ್ಲಿ ವಿಕೆಟ್ ಹೋಗಿರುತ್ತದೆ. ಹಾಗಾಗಿ ಮ್ಯಾಚ್ ನಿಲ್ಲುತ್ತಿದೆ ಅಂದರೆ ಒಟ್ಟು ವೇಗಕ್ಕಿಂತ ಹೆಚ್ಚಾಗಿ, ನಡುನಡುವೆ ಕೈಕೊಡುವ ಜೋಡಣೆಯನ್ನು ಹುಡುಕಬೇಕು.

ಹುಡುಕುವುದು ಹೇಗೆ? ನಾನು ಶುರು ಮಾಡುವುದು ನೆಟ್‌ನವರ ಕಡೆಯಿಂದ, ಯಾಕೆಂದರೆ ಅದನ್ನು ಒಂದೇ ಪರೀಕ್ಷೆಯಲ್ಲಿ ಪಕ್ಕಕ್ಕಿಡಬಹುದು. ಒಂದು ಲ್ಯಾಪ್‌ಟಾಪ್ ತಗೊಳ್ಳಿ, ಲ್ಯಾನ್ ಕೇಬಲ್‌ನಿಂದ ನೇರ ರೌಟರ್‌ಗೆ ಜೋಡಿಸಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಆಮೇಲೆ ಸ್ಪೀಡ್ ನೋಡಿ. ನೆಟ್‌ಫ್ಲಿಕ್ಸ್‌ನದೇ ಆದ ಫಾಸ್ಟ್ ಡಾಟ್ ಕಾಮ್ ಅಂತ ಒಂದಿದೆ, ಅದು ಅವರ ಸರ್ವರ್‌ಗಳಿಂದಲೇ ಡೇಟಾ ಎಳೆದು ನೋಡುತ್ತದೆ, ಹಾಗಾಗಿ ವಿಡಿಯೋ ಲೆಕ್ಕಕ್ಕೆ ಅದು ಹೆಚ್ಚು ಹತ್ತಿರ. ಬೇರೆ ಸ್ಪೀಡ್ ಟೆಸ್ಟ್‌ಗಳು ಸಾಮಾನ್ಯವಾಗಿ ಹತ್ತಿರದ ಸರ್ವರ್ ಆರಿಸಿಕೊಳ್ಳುವುದರಿಂದ ಅಂಕಿ ಚೆಂದ ಕಾಣಿಸಬಹುದು. ಎರಡೂ ಮಾಡಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಸುಮಾರಿಗೆ ಒಮ್ಮೆ. ರಾತ್ರಿಯೂ ಕೇಬಲ್‌ನಲ್ಲಿ ಪ್ಲಾನಿನ ಹತ್ತಿರ ಹತ್ತಿರ ವೇಗ ಬಂದರೆ ನೆಟ್‌ನವರನ್ನು ಬಿಟ್ಟುಬಿಡಿ, ಕಳ್ಳ ಮನೆಯೊಳಗೇ ಇದ್ದಾನೆ. ಬೆಳಿಗ್ಗೆ ಚೆನ್ನಾಗಿದ್ದು ರಾತ್ರಿ ಮಾತ್ರ ಬಿದ್ದರೆ ಅವರ ಕಡೆ ದಟ್ಟಣೆ ಇದೆ. ನಮಗೆ ಬರುವ ಫೈಬರ್ ಬಹಳ ಕಡೆ ಜಿಪಾನ್ ಅನ್ನುವ ಪದ್ಧತಿಯದು, ಅದರಲ್ಲಿ ಒಂದೇ ಎಳೆಯ 2.488 ಗಿಗಾಬಿಟ್ ವೇಗವನ್ನು 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ಹಂಚುವುದು ತಪ್ಪಲ್ಲ, ಎಲ್ಲ ಕಡೆ ಹಾಗೇ. ಮುಂದಿನ ದಾರಿ ಕಿರಿದಾಗಿದ್ದರೆ ಮಾತ್ರ ರಾತ್ರಿ ಎಲ್ಲರೂ ಕೂತಾಗ ಗೊತ್ತಾಗುತ್ತದೆ. ಆಗ ದೂರು ಕೊಡಿ, ಕೇಬಲ್‌ನಲ್ಲಿ ತೆಗೆದ ಬೆಳಗಿನ ಮತ್ತು ರಾತ್ರಿಯ ಸ್ಕ್ರೀನ್‌ಶಾಟ್ ಎರಡನ್ನೂ ಕಳಿಸಿ, ದೂರಿನ ನಂಬರ್ ಇಟ್ಟುಕೊಳ್ಳಿ. ವೈಫೈಯಲ್ಲಿ ತೆಗೆದ ಅಂಕಿ ಕಳಿಸಿದರೆ, ನಿಮ್ಮ ವೈಫೈ ಸರಿಯಿಲ್ಲ ಅಂತ ಹೇಳಿ ಮುಗಿಸುತ್ತಾರೆ. ಆ ಮಾತಿಗೆ ಜಾಗ ಕೊಡಬಾರದು.

ಫೈಬರ್ ಎಳೆಯನ್ನೂ ಒಮ್ಮೆ ಕೈಯಾಡಿಸಿ ನೋಡಿ. ಅದರಲ್ಲಿ ಹರಿಯುವುದು ಬೆಳಕು. ಬಾಗಿಲ ಸಂದಿಯಲ್ಲಿ ಸಿಕ್ಕಿ, ಇಲ್ಲವೇ ಕಪಾಟಿನ ಹಿಂದೆ ಚೂಪಾಗಿ ಬಾಗಿದ್ದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಡಬ್ಬಿಯ ಸೆಟ್ಟಿಂಗ್ಸ್ ಪುಟದಲ್ಲಿ ಆಪ್ಟಿಕಲ್ ಪವರ್ ಅಂತ ಒಂದು ಅಂಕಿ ಇರುತ್ತದೆ, ಡಿಬಿಎಂ ಲೆಕ್ಕದಲ್ಲಿ, ಮೈನಸ್ ಗುರುತಿನೊಂದಿಗೆ. ಮೈನಸ್ 20ರ ಆಚೀಚೆ ಇದ್ದರೆ ನಿಶ್ಚಿಂತೆ. ಮೈನಸ್ 27ರ ಹತ್ತಿರ ಹೋಗಿದ್ದರೆ ಡಬ್ಬಿ ಹೇಗೋ ಕಷ್ಟಪಟ್ಟು ಓದುತ್ತಿದೆ ಅಂತ ಅರ್ಥ, ಯಾವಾಗ ಬೇಕಾದರೂ ಕಡಿದುಕೊಳ್ಳಬಹುದು. ಮೂರು ಡಿಬಿ ಇಳಿಯಿತು ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ. ಈ ಅಂಕಿ ಹೇಳಿ ದೂರು ಕೊಟ್ಟರೆ ಲೈನ್‌ಮನ್ ಹುಡುಗರು ಬೇಗ ಬರುತ್ತಾರೆ, ಏನು ನೋಡಬೇಕು ಅಂತ ಅವರಿಗೂ ಗೊತ್ತಾಗುತ್ತದೆ.

ಈಗ ಮನೆಯೊಳಗೆ ಬರೋಣ. ಇಲ್ಲಿಯೇ ಹೆಚ್ಚಿನ ಕೆಲಸ.

ನಮ್ಮಲ್ಲಿ ಫೈಬರ್ ಹಾಕಲು ಬಂದವರು ಡಬ್ಬಿಯನ್ನು ಎಲ್ಲಿ ಹೊಡೆಯುತ್ತಾರೆ ನೋಡಿ. ಕೇಬಲ್ ಎಲ್ಲಿಂದ ಒಳಗೆ ಬರುತ್ತದೋ ಅಲ್ಲೇ, ಪಡಸಾಲೆಯ ಬಾಗಿಲ ಮೇಲೆ. ಅವರಿಗೆ ಅದು ಸಲೀಸು. ಟಿವಿ ಇರುವುದು ಒಳಗಿನ ಕೋಣೆಯಲ್ಲಿ. ನಡುವೆ ಗೋಡೆ. ಬ್ರಹ್ಮಪುರ, ಶಹಾಬಜಾರ್ ಕಡೆಯ ಹಳೆ ಮನೆಗಳಲ್ಲಿ ಆ ಗೋಡೆ ಒಂದೂವರೆ ಅಡಿ ದಪ್ಪದ ಕಲ್ಲಿನದು. ಬೇಸಿಗೆಯಲ್ಲಿ ಒಳಗೆ ತಂಪಾಗಿರಲಿ ಅಂತ ಹಿರಿಯರು ಕಟ್ಟಿದ್ದು, ಅದಕ್ಕೆ ಅದು ಬಹಳ ಒಳ್ಳೆಯದು, ವೈಫೈಗೆ ಮಾತ್ರ ಅಲ್ಲ. ಈಗಿನ ಹೆಚ್ಚಿನ ರೌಟರ್‌ಗಳು 2.4 ಮತ್ತು 5 ಗಿಗಾಹರ್ಟ್ಜ್ ಅಂತ ಎರಡು ಬಗೆಯ ವೈಫೈ ಸಿಗ್ನಲ್ ಬಿಡುತ್ತವೆ. 5 ಗಿಗಾಹರ್ಟ್ಜ್ ಸಿಗ್ನಲ್ ಅಂಥ ಒಂದು ಗೋಡೆ ದಾಟುವಷ್ಟರಲ್ಲಿ ಸೋತುಹೋಗುತ್ತದೆ, ಎರಡು ಗೋಡೆಯಾದರೆ ಮುಗಿಯಿತು. ಆಗ ಟಿವಿ ಸುಮ್ನೆ 2.4ಕ್ಕೆ ಇಳಿದುಬಿಡುತ್ತದೆ. ರೌಟರ್‌ನಲ್ಲಿ ಎರಡಕ್ಕೂ ಒಂದೇ ಹೆಸರು ಇಟ್ಟಿದ್ದರೆ ಅದು ಇಳಿದದ್ದೂ ನಿಮಗೆ ಗೊತ್ತಾಗುವುದಿಲ್ಲ, ಟಿವಿ ಮೇಲೆ ವೈಫೈ ಗುರುತು ತುಂಬಿಕೊಂಡೇ ಇರುತ್ತದೆ.

2.4 ಗಿಗಾಹರ್ಟ್ಜ್ ದೂರ ಹೋಗುತ್ತದೆ, ನಿಜ. ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ, 1, 6 ಮತ್ತು 11. ಒತ್ತೊತ್ತಾಗಿ ಮನೆಗಳಿರುವ ಓಣಿಯಲ್ಲಿ ನಿಮ್ಮ ಫೋನಿನಲ್ಲಿ ಎಷ್ಟು ವೈಫೈ ಹೆಸರು ಕಾಣುತ್ತವೆ ಎಣಿಸಿ ನೋಡಿ. ಅವೆಲ್ಲ ಇದೇ ಮೂರರಲ್ಲಿ ತುಂಬಿಕೊಂಡಿರುತ್ತವೆ. ಬ್ಲೂಟೂತ್, ಮೈಕ್ರೋವೇವ್ ಓವನ್ ಕೂಡ ಅಲ್ಲೇ. ಒಂದೇ ಆಂಟೆನಾ ಇರುವ ಅಗ್ಗದ ಸ್ಟಿಕ್‌ಗೆ ಇದರಲ್ಲಿ ಹೆಸರಿಗೆ 72 ಎಂಬಿಪಿಎಸ್ ಸಿಕ್ಕರೂ ನಿಜವಾಗಿ ಕೈಗೆ ಬರುವುದು ಅದರ ಅರ್ಧ, ಅಕ್ಕಪಕ್ಕದವರು ಜೋರಾಗಿದ್ದರೆ ಅದೂ ಇಲ್ಲ. ಇನ್ನೊಂದು ಮಾತು. ವೈಫೈ ಅಂದರೆ ಒಂದೇ ಮೈಕ್ ಇರುವ ಸಭೆ. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಮೇಲಿನ ಮಾಳಿಗೆಯ ಮೂಲೆಯಲ್ಲಿ ಕೂತು ಹಳೆ ಫೋನಿನಲ್ಲಿ ಯಾರೋ ರೀಲ್ಸ್ ನೋಡುತ್ತಿದ್ದರೆ, ಆ ಫೋನ್ ನಿಧಾನಕ್ಕೆ ಮಾತಾಡಿ ಮುಗಿಸುವವರೆಗೆ ನಿಮ್ಮ ಟಿವಿ ಕಾಯುತ್ತದೆ. ಫೋನ್ ಎಳೆಯುವ ಡೇಟಾ ಕಡಿಮೆಯೇ ಇರಬಹುದು, ಹಿಡಿದುಕೊಂಡ ಸಮಯ ಜಾಸ್ತಿ.

ಹಾಗಾಗಿ ಮಾಡಬೇಕಾದದ್ದು ಇಷ್ಟು. ರೌಟರ್‌ನಲ್ಲಿ 2.4ಕ್ಕೆ ಒಂದು ಹೆಸರು, 5ಕ್ಕೆ ಇನ್ನೊಂದು ಹೆಸರು ಕೊಡಿ. ಟಿವಿಯಲ್ಲಿ 5ರದ್ದನ್ನು ಮಾತ್ರ ಇಟ್ಟು, 2.4ರದ್ದನ್ನು ಮರೆಸಿಬಿಡಿ. ನಮ್ಮ ದೇಶದಲ್ಲಿ 5 ಗಿಗಾಹರ್ಟ್ಜ್‌ನ ದೊಡ್ಡ ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು 2018ರಲ್ಲಿ ಬಿಟ್ಟುಕೊಟ್ಟರು, ಅಲ್ಲಿ ಜಾಗ ಧಾರಾಳ ಇದೆ. 5 ಅಲ್ಲಿಯವರೆಗೆ ತಲುಪುವುದೇ ಇಲ್ಲ ಅಂದರೆ ರೌಟರ್ ಅನ್ನೇ ಸರಿಸಬೇಕು. ಫೈಬರ್ ಡಬ್ಬಿ ಬಾಗಿಲ ಮೇಲೇ ಇರಲಿ, ಅದರಿಂದ ಒಂದು ಲ್ಯಾನ್ ಕೇಬಲ್ ಎಳೆದು ರೌಟರ್ ಅನ್ನು ಟಿವಿ ಕೋಣೆಗೆ ತನ್ನಿ. ಡಬ್ಬಿಯೊಳಗೇ ವೈಫೈ ಇದ್ದರೆ, ಮನೆಯಲ್ಲಿ ಬಿದ್ದಿರುವ ಹಳೆಯ ರೌಟರ್ ಆದರೂ ಪರವಾಗಿಲ್ಲ, 5 ಗಿಗಾಹರ್ಟ್ಜ್ ಇದ್ದರೆ ಸಾಕು. ಮೊದಲು ಅದರ ಸೆಟ್ಟಿಂಗ್ಸ್‌ನಲ್ಲಿ, ಡಬ್ಬಿಯ ಐಪಿ ವಿಳಾಸಕ್ಕೆ ಡಿಕ್ಕಿ ಹೊಡೆಯದ ಬೇರೆ ಐಪಿ ವಿಳಾಸ ಕೊಡಿ. ಆಮೇಲೆ ಅದರ ಡಿಎಚ್‌ಸಿಪಿ, ಅಂದರೆ ಫೋನ್ ಟಿವಿಗಳಿಗೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿ, ವ್ಯಾನ್ ಅಂತ ಬರೆದ ತೂತು ಬಿಟ್ಟು ಲ್ಯಾನ್ ತೂತಿಗೆ ಕೇಬಲ್ ಹಾಕಿ. ಇಷ್ಟೇ, ಒಳಗಿನ ಕೋಣೆಗೆ ಇನ್ನೊಂದು ವೈಫೈ ಆಯಿತು.

ಅಂಗಡಿಯವರು ಇದರ ಬದಲು ರಿಪೀಟರ್ ಕೊಡುತ್ತಾರೆ, ಪ್ಲಗ್‌ಗೆ ಚುಚ್ಚುವಂಥದ್ದು. 4ಕೆಗೆ ನಾನು ಅದನ್ನು ಬೇಡ ಅನ್ನುತ್ತೇನೆ. ಅಗ್ಗದ ರಿಪೀಟರ್ ಕೇಳಿಸಿಕೊಳ್ಳುವುದೂ ಅದೇ ರೇಡಿಯೋದಲ್ಲಿ, ಹೇಳುವುದೂ ಅದೇ ರೇಡಿಯೋದಲ್ಲಿ. ಪ್ರತಿ ಮಾತನ್ನೂ ಎರಡು ಸಲ ಆಡುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಫೋನಿನಲ್ಲಿ ಕಡ್ಡಿಗಳು ತುಂಬಿ ಕಾಣುತ್ತವೆ, ವಿಡಿಯೋ ಮಾತ್ರ ಅಲ್ಲೇ.

ಏಪ್ರಿಲ್ ಬಂದರೆ ನಮ್ಮೂರಿನಲ್ಲಿ ಇನ್ನೊಂದು ತೊಂದರೆ ಶುರುವಾಗುತ್ತದೆ. ಅದನ್ನು ಹೊರಗಿನ ಊರಿನವರು ಯಾರೂ ಬರೆಯುವುದಿಲ್ಲ. ಕೂಲರ್. ಮಾರ್ಚ್‌ವರೆಗೆ ಎಲ್ಲ ಸರಿ ಇತ್ತು, ಈಗ ಯಾಕೋ ನಿಲ್ಲುತ್ತಿದೆ ಅಂತ ಯಾರಾದರೂ ಹೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ, ಕೂಲರ್ ಎಲ್ಲಿ ಇಟ್ಟೀರಿ ಅಂತ. ತಗಡಿನ ದೊಡ್ಡ ಕೂಲರ್, ಹೊಟ್ಟೆಯಲ್ಲಿ ಕೊಡಗಟ್ಟಲೆ ನೀರು. ತಗಡು ಸಿಗ್ನಲ್ ಅನ್ನು ತಿರುಗಿಸಿ ಕಳಿಸುತ್ತದೆ, ನೀರು ಹೀರಿಕೊಳ್ಳುತ್ತದೆ. ರೌಟರ್ ಮತ್ತು ಟಿವಿ ನಡುವಿನ ನೇರ ದಾರಿಯಲ್ಲಿ ಅದನ್ನು ತಂದು ನಿಲ್ಲಿಸಿದರೆ ಅಲ್ಲೊಂದು ಹೊಸ ಗೋಡೆ ಕಟ್ಟಿದಂತೆಯೇ. ಕೂಲರ್ ತೆಗೆಯಿರಿ ಅಂತ ಮೇ ತಿಂಗಳಲ್ಲಿ ಯಾರಿಗೂ ಹೇಳಲು ಆಗುವುದಿಲ್ಲ, ಹೇಳಲೂ ಬಾರದು. ರೌಟರ್ ಅನ್ನು ತಲೆಗಿಂತ ಎತ್ತರಕ್ಕೆ, ಕೂಲರ್‌ನ ತಲೆಯ ಮೇಲಿಂದ ಟಿವಿ ಕಾಣುವಂತೆ ಇಡಿ. ಕಬ್ಬಿಣದ ಅಲ್ಮಾರಿಗೂ ಇದೇ ಮಾತು.

ಸೆಕೆಯ ವಿಷಯಕ್ಕೆ ಮತ್ತೆ ಬರುತ್ತೇನೆ. ಅದಕ್ಕೂ ಮೊದಲು ಕೇಬಲ್.

ಸಾಧ್ಯ ಇದ್ದರೆ ಟಿವಿಗೆ ಕೇಬಲ್ ಎಳೆಯಿರಿ. ಇಪ್ಪತ್ತು ಅಡಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಕ್ಯಾಟ್ 5ಇ ಸಾಕು, ಕ್ಯಾಟ್ 6 ಸಿಕ್ಕರೆ ತಗೊಳ್ಳಿ, ಎರಡೂ ನೂರು ಮೀಟರ್‌ವರೆಗೆ ಗಿಗಾಬಿಟ್ ಒಯ್ಯುತ್ತವೆ. ತಗೊಳ್ಳುವಾಗ ಒಂದು ಕೆಲಸ ಮಾಡಿ. ತುದಿ ಸ್ವಲ್ಪ ಸುಲಿದು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಹೋಗಿ ಒಳಗೆ ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ ಅಷ್ಟೇ. ಎರಡು ಸಲ ಬಾಗಿಸಿದರೆ ಒಳಗೇ ಮುರಿಯುತ್ತದೆ. ಪೂರ್ತಿ ತಾಮ್ರದ್ದೇ ಕೇಳಿ.

ಕೇಬಲ್‌ನೊಳಗೆ ಎಂಟು ಎಳೆಗಳಿರುತ್ತವೆ, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿ. ಕಿತ್ತಳೆ, ಹಸಿರು, ನೀಲಿ, ಕಂದು, ಪ್ರತಿಯೊಂದಕ್ಕೂ ಬಿಳಿ ಪಟ್ಟೆಯ ಒಂದು ಜೊತೆ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ನಮ್ಮಲ್ಲಿ ಹಾಕುವ ರೂಢಿಯ ಕ್ರಮದಲ್ಲಿ ಅವು ಕಿತ್ತಳೆ ಮತ್ತು ಹಸಿರು. ಗಿಗಾಬಿಟ್‌ಗೆ ಮಾತ್ರ ನಾಲ್ಕೂ ಬೇಕು. ಈಗ ನೀಲಿ ಎಳೆಯೊಂದು ಪ್ಲಗ್‌ನೊಳಗೆ ಸರಿಯಾಗಿ ಕೂತಿಲ್ಲ ಅನ್ನಿ. ನೆಟ್ ಬಂದ್ ಆಗುವುದಿಲ್ಲ. ಹೆಚ್ಚಿನ ಸಲ ಎರಡೂ ಕಡೆಯ ಯಂತ್ರಗಳು ಮಾತಾಡಿಕೊಂಡು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ಎಲ್ಲ ನಡೆಯುತ್ತಿದೆ ಅಂತ ಕಾಣುತ್ತದೆ, 300ರ ಪ್ಲಾನಿಗೆ ದುಡ್ಡು ಕಟ್ಟುತ್ತಲೇ ಇರುತ್ತೀರಿ, ಕೈಗೆ ಬರುವುದು ತೊಂಬತ್ತರ ಆಸುಪಾಸು. ಲ್ಯಾಪ್‌ಟಾಪ್ ಜೋಡಿಸಿ ಈಥರ್ನೆಟ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ ಸ್ಪೀಡ್ ನೋಡಿ. 1000 ಇರಬೇಕಾದಲ್ಲಿ 100 ಅಂತ ಇದ್ದರೆ ಕೇಬಲ್ ಬದಲಿಸಿ ನೋಡಿ, ಇಲ್ಲವೇ ತುದಿ ಕತ್ತರಿಸಿ ಹೊಸ ಪ್ಲಗ್ ಒತ್ತಿಸಿ. ಕೇಬಲ್ ಬದಲಿಸಿದರೂ 100 ಅಂತಲೇ ಬಂದರೆ ರೌಟರ್‌ನ ಇಲ್ಲವೇ ಲ್ಯಾಪ್‌ಟಾಪಿನ ತೂತೇ 100ರದ್ದಿರಬಹುದು. ಡಬ್ಬದ ಮೇಲೆ 300 ಅಂತ ದಪ್ಪಕ್ಷರದಲ್ಲಿ ಬರೆದ ಅಗ್ಗದ ರೌಟರ್‌ಗಳಲ್ಲಿ ಬಹಳಷ್ಟಕ್ಕೆ ಇರುವುದು 100ರ ತೂತುಗಳೇ. ಆ 300 ವೈಫೈ ಲೆಕ್ಕ.

ನೆಟ್‌ನಿಂದ ಬರುವ 4ಕೆಗೆ 100 ಧಾರಾಳ ಆಯಿತು ಅಂತ ಮೇಲೆ ಹೇಳಿದೆ. ಮನೆಯೊಳಗಿನ ಫೈಲ್‌ಗೆ ಈ ಮಾತು ಸಾಲದು. ಬ್ರಹ್ಮಪುರದಲ್ಲಿರುವ ನಮ್ಮ ಕಾಕಾ ಅವರ ಮನೆಯಲ್ಲಿ ಆಗಿದ್ದು ಇದೇ. ಮಗಳ ಮದುವೆಯ ವಿಡಿಯೋವನ್ನು ವಿಡಿಯೋದವರು 4ಕೆಯಲ್ಲಿ ಹಾರ್ಡ್ ಡಿಸ್ಕಿಗೆ ಹಾಕಿ ಕೊಟ್ಟಿದ್ದರು. ಅದನ್ನು ಕಂಪ್ಯೂಟರಿನಲ್ಲಿ ಇಟ್ಟು ಟಿವಿಯಲ್ಲಿ ನೋಡುವ ವ್ಯವಸ್ಥೆ, ಟಿವಿಗೆ ಕೇಬಲ್ ಕೂಡ ಇತ್ತು.

"ತಮ್ಮಾ, ನೆಟ್ ಮುನ್ನೂರರದ್ದು ಹಾಕ್ಸೀನಿ, ಆದ್ರೂ ಮದ್ವಿ ವಿಡಿಯೋ ನಿಂತು ನಿಂತು ಬರ್ಲಾಕತ್ತದ. ಐದುನೂರರದ್ದು ಹಾಕ್ಸ್ಲೇನು?" ಅಂತ ಫೋನ್ ಮಾಡಿದರು.

"ಬ್ಯಾಡ್ರಿ ಕಾಕಾ, ಇದಕ್ಕ ನೆಟ್ ಬೇಕಾಗೇ ಇಲ್ರಿ. ಬಂದು ನೋಡ್ತೀನಿ, ಅಲ್ಲೀತನ ಏನೂ ಹಾಕ್ಸಬ್ಯಾಡ್ರಿ" ಅಂದೆ.

ನಿಜವಾಗಿಯೂ ಬೇಕಾಗಿರಲಿಲ್ಲ. ಕಂಪ್ಯೂಟರಿನಿಂದ ಟಿವಿಗೆ ಹೋಗುವ ವಿಡಿಯೋ ಮನೆಯೊಳಗೇ ಓಡಾಡುತ್ತದೆ, ನೆಟ್‌ನ ವೈರು ಕಿತ್ತು ಇಟ್ಟರೂ ಓಡುತ್ತದೆ. ಹೋಗಿ ಕೂತು ನೋಡಿದೆ. ವೇದಿಕೆ ಮೇಲೆ ಎಲ್ಲರೂ ಕೂತಿರುವ ದೃಶ್ಯ ನೀರು ಹರಿದ ಹಾಗೆ ಬರುತ್ತದೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ನಿಲ್ಲುತ್ತದೆ. ಮುಂದೆ ಮೆರವಣಿಗೆಯಲ್ಲಿ, ಲೈಟು, ಬ್ಯಾಂಡ್, ಕುಣಿತ, ಅಲ್ಲಿ ಮತ್ತೆ ನಿಲ್ಲುತ್ತದೆ. ಮನೆಯವರೆಲ್ಲ ಯಾವ ದೃಶ್ಯ ನೋಡಬೇಕು ಅಂತ ಕೂತಿದ್ದರೋ ಅದೇ ಕೈಕೊಡುತ್ತಿತ್ತು, ಕಾಕಿಗೆ ಅದೇ ಸಂಕಟ. ಇದಕ್ಕೆ ಕಾರಣ ಇದೆ. ವಿಡಿಯೋ ಒತ್ತುವ ವಿಧಾನ, ಹಿಂದಿನ ಚೌಕಟ್ಟಿಗೂ ಈಗಿನದಕ್ಕೂ ಏನು ಬದಲಾಗಿದೆಯೋ ಅದನ್ನು ಮುಖ್ಯವಾಗಿ ಬರೆಯುತ್ತ ಹೋಗುತ್ತದೆ. ಜನ ಸುಮ್ಮನೆ ಕೂತಿದ್ದರೆ ಬರೆಯುವುದು ಕಡಿಮೆ. ನೂರಾರು ಕೈಗಳಿಂದ ಸಾವಿರಾರು ಕಾಳು ಒಮ್ಮೆಲೇ ಹಾರಿ, ಪ್ರತಿ ಕಾಳೂ ಬೇರೆ ಬೇರೆ ದಿಕ್ಕಿಗೆ ಹೋದರೆ, ಬರೆಯಬೇಕಾದದ್ದು ವಿಪರೀತ. ಆ ಕೆಲವು ಸೆಕೆಂಡ್‌ಗಳಲ್ಲಿ ಬೇಕಾಗುವ ವೇಗ ಸರಾಸರಿಗಿಂತ ಬಹಳ ಮೇಲೆ ಹೋಗುತ್ತದೆ.

ಸರಾಸರಿ ನೀವೇ ತೆಗೆಯಬಹುದು. ಫೈಲ್ ಎಷ್ಟು ಜಿಬಿ ಇದೆಯೋ ಅದನ್ನು 8000ದಿಂದ ಗುಣಿಸಿ, ವಿಡಿಯೋ ಎಷ್ಟು ಸೆಕೆಂಡ್ ಇದೆಯೋ ಅದರಿಂದ ಭಾಗಿಸಿ. ಒಂದು ತಾಸಿನ ವಿಡಿಯೋ 40 ಜಿಬಿ ಇದ್ದರೆ, 40 ಗುಣಿಸು 8000, ಭಾಗಿಸು 3600. ಸುಮಾರು 89 ಎಂಬಿಪಿಎಸ್. ನೆಟ್‌ಫ್ಲಿಕ್ಸ್ ಕೇಳುವ 15ರ ಮುಂದೆ ಇದನ್ನು ಇಟ್ಟು ನೋಡಿ. ಇನ್ನು ಟಿವಿಯ ಹಿಂದಿನ ಲ್ಯಾನ್ ತೂತು. ದುಬಾರಿ ಟಿವಿಗಳಲ್ಲೂ ಬಹಳಷ್ಟಕ್ಕೆ ಅದು ಇಂದಿಗೂ 100ರದ್ದೇ, ನಿಜವಾಗಿ ಕೊಡುವುದು 94ರ ಹತ್ತಿರ. 89 ಸರಾಸರಿ ಇರುವ ವಿಡಿಯೋ ಅಕ್ಕಿಕಾಳಿನ ಹೊತ್ತಿಗೆ 94 ದಾಟದೆ ಇರುತ್ತದೆಯೇ?

ಇಲ್ಲಿ ಮಾತ್ರ ಕೇಬಲ್‌ಗಿಂತ ವೈಫೈ ಮೇಲು. ಒಂದೇ ಕೋಣೆಯಲ್ಲಿ, ಎದುರಿಗೇ ಕಾಣುವ 5 ಗಿಗಾಹರ್ಟ್ಜ್ ರೌಟರ್ ಇದ್ದರೆ ಟಿವಿಗೆ 200, 300 ಸಲೀಸಾಗಿ ಸಿಗುತ್ತದೆ. ರೌಟರ್‌ನಿಂದ ಕಂಪ್ಯೂಟರಿಗೆ ಗಿಗಾಬಿಟ್ ಕೇಬಲ್, ಟಿವಿಗೆ ಕೇಬಲ್ ಕಿತ್ತು 5ರ ವೈಫೈ. ಹಾಗೆ ಮಾಡಿದ ಮೇಲೆ ಕಾಕಾ ಅವರ ಮನೆಯಲ್ಲಿ ಅಕ್ಕಿಕಾಳು ಪೂರ್ತಿ ಬಿದ್ದವು, ಮೆರವಣಿಗೆಯೂ ನಿಲ್ಲದೆ ಮನೆ ಮುಟ್ಟಿತು. ಕೆಲವು ಆಂಡ್ರಾಯ್ಡ್ ಟಿವಿಗಳಲ್ಲಿ ಯುಎಸ್‌ಬಿಗೆ ಗಿಗಾಬಿಟ್ ಲ್ಯಾನ್ ಅಡಾಪ್ಟರ್ ಹಾಕಿಯೂ ಇದೇ ಫಲ ಪಡೆಯಬಹುದು, ಎಲ್ಲ ಟಿವಿಗಳು ಅದನ್ನು ಗುರುತಿಸುವುದಿಲ್ಲ, ಅಂಗಡಿಯಲ್ಲಿ ಹಾಕಿ ನೋಡಿ ತಗೊಳ್ಳಿ. ಹಾರ್ಡ್ ಡಿಸ್ಕನ್ನು ನೇರ ಟಿವಿಯ ಯುಎಸ್‌ಬಿಗೆ ಚುಚ್ಚಿದರೆ ನೆಟ್‌ವರ್ಕ್ ಗೊಡವೆಯೇ ಇಲ್ಲ, ಒಂದೇ ಟಿವಿ ಇರುವ ಮನೆಗೆ ಅದು ಎಲ್ಲಕ್ಕಿಂತ ಸುಲಭ. ಡಿಸ್ಕ್ ಅನ್ನು ರೌಟರ್‌ನ ಯುಎಸ್‌ಬಿಗೆ ಚುಚ್ಚುವುದು ಮಾತ್ರ ಬೇಡ. ಅಗ್ಗದ ರೌಟರ್‌ನ ಚಿಕ್ಕ ಮಿದುಳಿಗೆ ಇಷ್ಟು ದೊಡ್ಡ ಫೈಲ್ ಓದಿ ಹಂಚುವ ಶಕ್ತಿ ಇರುವುದಿಲ್ಲ.

ಕಂಪ್ಯೂಟರಿನಲ್ಲಿರುವ ವಿಡಿಯೋಗಳನ್ನು ಟಿವಿಗೆ ಕಳಿಸುವ ಪ್ಲೆಕ್ಸ್, ಜೆಲ್ಲಿಫಿನ್ ಅನ್ನುವ ಸಾಫ್ಟ್‌ವೇರ್ ಬಳಸುವವರಿಗೆ ಒಂದು ಮಾತು. ವೇಗ ಎಲ್ಲ ಕಡೆ ಸರಿ ಇದ್ದೂ ನಿಲ್ಲುತ್ತಿದ್ದರೆ, ಸರ್ವರ್‌ನ ಪುಟದಲ್ಲಿ ಟ್ರಾನ್ಸ್‌ಕೋಡ್ ಅಂತ ಬರುತ್ತಿದೆಯಾ ನೋಡಿ. ಟಿವಿಗೆ ಅರ್ಥವಾಗದ ವಿಡಿಯೋವನ್ನು ಕಂಪ್ಯೂಟರ್ ಆ ಕ್ಷಣಕ್ಕೇ ಬೇರೆ ರೂಪಕ್ಕೆ ಬದಲಿಸಿ ಕೊಡುತ್ತಿದೆ ಅಂತ ಅರ್ಥ, 4ಕೆಯಲ್ಲಿ ಅದು ಹಳೆ ಕಂಪ್ಯೂಟರಿಗೆ ಆಗದ ಕೆಲಸ. ಎಷ್ಟೋ ಸಲ ಇದಕ್ಕೆ ಕಾರಣ ಸಬ್‌ಟೈಟಲ್. ಬ್ಲೂ ರೇಯಿಂದ ಬಂದ ಚಿತ್ರರೂಪದ ಸಬ್‌ಟೈಟಲ್ ಟಿವಿಗೆ ಬರದಿದ್ದರೆ ಅದನ್ನು ಪ್ರತಿ ಚೌಕಟ್ಟಿನ ಮೇಲೂ ಅಚ್ಚು ಹಾಕಬೇಕಾಗುತ್ತದೆ. ಸಬ್‌ಟೈಟಲ್ ಆಫ್ ಮಾಡಿ ನೋಡಿ, ಇಲ್ಲವೇ ಬರೀ ಅಕ್ಷರಗಳಿರುವ ಎಸ್‌ಆರ್‌ಟಿ ರೂಪದ್ದು ಹಾಕಿ.

ಇನ್ನು ಸೆಕೆ. ರೌಟರ್ ಡಬ್ಬದ ಮೇಲೆ ಅಥವಾ ಪುಸ್ತಿಕೆಯಲ್ಲಿ ಕೆಲಸ ಮಾಡುವ ಉಷ್ಣಾಂಶ ಅಂತ ಬರೆದಿರುತ್ತಾರೆ. ಮನೆಗೆ ಬಳಸುವ ಬಹಳಷ್ಟು ರೌಟರ್‌ಗಳಿಗೆ ಅದು 0ಯಿಂದ 40 ಡಿಗ್ರಿ. ನಮ್ಮಲ್ಲಿ ಮೇ ತಿಂಗಳಲ್ಲಿ ಹೊರಗೆ 43, 44. ಆರ್‌ಸಿಸಿ ಛಾವಣಿಯ ಕೆಳಗೆ, ಗೋಡೆಯ ಮೇಲ್ತುದಿಯಲ್ಲಿ, ಮುಚ್ಚಿದ ಕಪಾಟಿನೊಳಗೆ ಎಷ್ಟಿರಬಹುದು ಯೋಚಿಸಿ. ಅದರ ಮೇಲೆ ಧೂಳು ಬೀಳಬಾರದು ಅಂತ ಕ್ರೋಶಾ ಹೆಣೆದ ಬಟ್ಟೆ ಬೇರೆ ಹೊದಿಸಿರುತ್ತೇವೆ. ಆ ಬಟ್ಟೆ ತೆಗೆಯಿರಿ. ರೌಟರ್ ಕಪಾಟಿನಿಂದ ಹೊರಗೆ ಬರಲಿ, ಗಾಳಿಯ ತೂತುಗಳು ತೆರೆದಿರಲಿ, ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಧೂಳು ಒರೆಸಿ. ಶಹಾಬಾದ್ ಕಲ್ಲಿನ ಕಪಾಟು ಮನೆಯಲ್ಲಿದ್ದರೆ ಅದರ ತೆರೆದ ಹಲಗೆ ರೌಟರ್‌ಗೆ ಒಳ್ಳೆಯ ಜಾಗ, ಕಲ್ಲು ಒಂದಷ್ಟು ತಂಪಾಗಿಯೇ ಇರುತ್ತದೆ, ಟಿವಿ ಕಡೆಗೆ ಅಡ್ಡ ಬರದಂತೆ ನೋಡಿಕೊಂಡರೆ ಸಾಕು. ಟಿವಿಯ ಹಿಂದೆ ಚುಚ್ಚುವ ಸ್ಟಿಕ್‌ನದು ಇನ್ನೂ ಕಷ್ಟ. ಮುಂದೆ ಟಿವಿಯ ಬಿಸಿ, ಹಿಂದೆ ಗೋಡೆಯ ಬಿಸಿ. ಚಿಪ್ ಕಾದಾಗ ತನ್ನನ್ನು ಉಳಿಸಿಕೊಳ್ಳಲು ನಿಧಾನ ಆಗುತ್ತದೆ, ಆಗ ಬರುವುದೇ ಮೊದಲು ಹೇಳಿದ ಜರ್ಕ್. ಡಬ್ಬದಲ್ಲಿ ಗೇಣುದ್ದಕ್ಕಿಂತ ಚಿಕ್ಕದಾದ ಒಂದು ಎಚ್‌ಡಿಎಂಐ ವೈರ್ ಬಂದಿದ್ದರೆ ಅದನ್ನು ಹಾಕಿ ಸ್ಟಿಕ್ ಅನ್ನು ಟಿವಿಯ ಬೆನ್ನಿನಿಂದ ಹೊರಗೆ ತನ್ನಿ. ಸಂಜೆ ಏಳಕ್ಕೆ ಜರ್ಕ್ ಹೊಡೆದು ರಾತ್ರಿ ಹನ್ನೊಂದಕ್ಕೆ ಸರಿ ಹೋಗುವ ಟಿವಿಗಳ ಕಾರಣ ಕೆಲವು ಕಡೆ ಇದೇ ಆಗಿತ್ತು, ಮನೆಯವರು ನೆಟ್ ಅಂದುಕೊಂಡಿದ್ದರು.

ಡಿಎನ್ಎಸ್, ಅಂದರೆ ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ, ಅದನ್ನು ಬದಲಿಸಿದರೆ ವೇಗ ಹೆಚ್ಚುತ್ತದೆ ಅನ್ನುವವರಿದ್ದಾರೆ. ಪುಟ ತೆರೆಯುವುದು ಚೂರು ಬೇಗ ಆಗಬಹುದು, ನಡೆಯುತ್ತಿರುವ ವಿಡಿಯೋಗೆ ಅದರಿಂದ ವೇಗ ಬರುವುದಿಲ್ಲ. ಹಾಗೆಯೇ ತಿಂಗಳ ಕೊನೆಗೆ ಮಾತ್ರ ತೊಂದರೆ ಬಂದರೆ ಡೇಟಾ ಮಿತಿ ಮುಗಿದಿದೆಯಾ ನೋಡಿ. ನೆಟ್‌ಫ್ಲಿಕ್ಸ್‌ನ 4ಕೆ ತಾಸಿಗೆ 7 ಜಿಬಿಯವರೆಗೆ ನುಂಗುತ್ತದೆ, ದಿನಕ್ಕೆ ನಾಲ್ಕು ತಾಸು ನೋಡಿದರೆ ತಿಂಗಳಿಗೆ 840 ಜಿಬಿ. ಚಿಕ್ಕ ಪ್ಲಾನ್‌ಗಳಲ್ಲಿ ಮಿತಿ ದಾಟಿದ ಮೇಲೆ ವೇಗ ನೆಲ ಕಚ್ಚುತ್ತದೆ.

ಕರೆಂಟ್ ಬಗ್ಗೆ ಹೇಳದಿದ್ದರೆ ನಮ್ಮೂರಿನ ಮಟ್ಟಿಗೆ ಇದು ಅರ್ಧ ಆಗುತ್ತದೆ. ಅರ್ಧ ನಿಮಿಷಕ್ಕೆ ಹೋಗಿ ಬರುವ ಕರೆಂಟ್ ಟಿವಿಗಿಂತ ರೌಟರ್‌ಗೆ ಜಾಸ್ತಿ ತ್ರಾಸು, ಯಾಕೆಂದರೆ ಅದು ಮತ್ತೆ ಎದ್ದು, ಫೈಬರ್ ಹಿಡಿದು, ಟಿವಿ ಮತ್ತೆ ವೈಫೈ ಹುಡುಕಿಕೊಂಡು ಬರುವಷ್ಟರಲ್ಲಿ ಮೂರ್ನಾಲ್ಕು ನಿಮಿಷ ಹೋಗಿರುತ್ತದೆ. ಎಷ್ಟೋ ಟಿವಿಗಳು ಆ ಗಡಿಬಿಡಿಯಲ್ಲಿ 2.4ಕ್ಕೆ ಹೋಗಿ ಅಂಟಿಕೊಂಡು ಅಲ್ಲೇ ಉಳಿಯುತ್ತವೆ. ಮನೆಗೆಲ್ಲ ಇನ್ವರ್ಟರ್ ಇದ್ದರೆ ಸರಿ. ಇಲ್ಲದಿದ್ದರೆ ರೌಟರ್‌ಗೆಂದೇ ಚಿಕ್ಕ ಯುಪಿಎಸ್ ಸಿಗುತ್ತದೆ, ಅಂಗೈ ಅಗಲದ್ದು. ತಗೊಳ್ಳುವ ಮೊದಲು ರೌಟರ್ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆ್ಯಂಪಿಯರ್ ಫೋಟೋ ತೆಗೆದುಕೊಂಡು ಹೋಗಿ. ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ, ಕೆಲವು 9ರವೂ ಇವೆ, ತಪ್ಪು ವೋಲ್ಟ್ ಹಾಕಿದರೆ ರೌಟರ್ ಸುಡುತ್ತದೆ. ಫೈಬರ್ ಡಬ್ಬಿ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ರೌಟರ್ ಒಂದಕ್ಕೇ ಕೊಟ್ಟರೆ ವೈಫೈ ಇರುತ್ತದೆ, ನೆಟ್ ಇರುವುದಿಲ್ಲ.